ಅಡುಗೆಮನೆಗೆ ಯಾರ ಅಪ್ಪಣೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು, ಕಟ್ಟಿದ ಮನೆಯಲ್ಲಿ ಅಡುಗೆಮನೆಯೊಂದನ್ನೇ ಒಡೆದು ಕಟ್ಟುವವರ ಪಾಡನ್ನು ಕಾಣದೆ ಹೋದರೆಂದು ತೋರುತ್ತದೆ. ಕಂಡಿದ್ದರೆ ಗಾದೆಗೆ ಮೂರನೆಯ ಮಾತೊಂದು ಸೇರಿರುತ್ತಿತ್ತು. ಹೊಸ ಮನೆ ಕಟ್ಟುವವನ ಮುಂದೆ ಇರುವುದು ಬರಿಯ ನಿವೇಶನ, ಅದು ಮರುಮಾತಾಡುವುದಿಲ್ಲ. ಹಳೆಯ ಅಡುಗೆಮನೆಗೆ ಕೈ ಹಚ್ಚುವವನ ಮುಂದೆಯಾದರೋ ನಿಂತ ಗೋಡೆಯುಂಟು, ಪಕ್ಕದ ಮನೆಯವರ ಕಿಟಕಿಯುಂಟು, ಮೇಲಿನ ಮಹಡಿಯ ಬಾಡಿಗೆದಾರರುಂಟು, ನಲವತ್ತು ವರ್ಷ ಆ ಒಲೆಯ ಮುಂದೆ ನಿಂತು ಬಾಳಿದ ತಾಯಿಯುಂಟು. ಇವರೆಲ್ಲರಿಗೂ ಹೇಳಬೇಕಾದ ಮಾತೊಂದಿದೆ. ಕೇಳುವ ವ್ಯವಧಾನ ಮಾತ್ರ ನಮ್ಮಲ್ಲಿ ಕಡಿಮೆ.

ವಿಲ್ಸನ್ ಗಾರ್ಡನ್ನಿನಲ್ಲಿ ಇದು ಈಗ ಮನೆಮನೆಯ ಪ್ರಶ್ನೆ. ಲಾಲ್‌ಬಾಗಿನ ಮಗ್ಗುಲಲ್ಲಿ, ಹೊಸೂರು ರಸ್ತೆಯ ಸದ್ದು ಕೇಳುವಷ್ಟು ದೂರದಲ್ಲಿ ಇರುವ ಈ ಬಡಾವಣೆಯ ಅಡ್ಡರಸ್ತೆಗಳಲ್ಲಿ ಹಳೆಯ ಮನೆಗಳು ಇನ್ನೂ ಅನೇಕ ಉಳಿದಿವೆ. ತಂದೆ ನೆಲಮಹಡಿಯನ್ನು ಕಟ್ಟಿದರು. ಮಗ ಅದರ ಮೇಲೊಂದನ್ನು ಏರಿಸಿದ. ಸಾಲ ತೀರಿಸಲೆಂದು ಬಾಡಿಗೆಗೆ ಇನ್ನೊಂದು ಎದ್ದಿತು. ಈ ಏರಾಟದಲ್ಲಿ ಬದಲಾಗದೆ ಉಳಿದದ್ದು ನೆಲಮಹಡಿಯ ಹಿಂಬದಿಯ ಅಡುಗೆಮನೆ: ಕಡಪಾ ಕಲ್ಲಿನ ಕಟ್ಟೆ, ಮೂರಡಿಯ ಓಣಿಗೆ ತೆರೆದ ಒಂದು ಕಿರುಕಿಟಕಿ, ಎಣ್ಣೆಯ ಜಿಡ್ಡು ಹತ್ತಿದ ಸಜ್ಜಾ. ಸೊಸೆ ಬಂದಳು, ಮಿಕ್ಸಿ ಬಂದಿತು, ಫ್ರಿಜ್ ಬಂದು ನಡುಮನೆಯಲ್ಲಿ ನಿಂತಿತು. ಇನ್ನು ಅಡುಗೆಮನೆಯನ್ನು ಹಿಗ್ಗಿಸದೆ ವಿಧಿಯಿಲ್ಲ ಎಂಬ ತೀರ್ಮಾನ ಎಲ್ಲ ಮನೆಗಳಲ್ಲೂ ಒಂದಲ್ಲ ಒಂದು ದಿನ ಆಗಿಯೇ ತೀರುತ್ತದೆ.

ನಮ್ಮ ಅಡ್ಡರಸ್ತೆಯ ನಿವೃತ್ತ ನೌಕರರೊಬ್ಬರ ಮನೆಯಲ್ಲಿಯೂ ಹೀಗೆಯೇ ತೀರ್ಮಾನವಾಯಿತು. ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯನ್ನು ತೆಗೆದು ಎರಡನ್ನೂ ಒಂದು ಮಾಡಬೇಕೆಂಬುದು ಮಗನ ಬಯಕೆ. ಇದಕ್ಕೆ ಪಾಲಿಕೆಯ ಪರವಾನಗಿ ಬೇಕಾಗುತ್ತದೆಯೇ ಎಂದು ಯಜಮಾನರು ಮೇಸ್ತ್ರಿಯನ್ನು ಕೇಳಿದರು.

“ಲೈಸೆನ್ಸು ಗೀಸೆನ್ಸು ಯಾಕೆ ಸ್ವಾಮಿ? ಒಳಗಿನ ಕೆಲಸ, ಯಾರು ಬಂದು ನೋಡ್ತಾರೆ? ಬೆಳಿಗ್ಗೆ ಸುತ್ತಿಗೆ ಹಾಕಿದ್ರೆ ಸಂಜೆಗೆ ಗೋಡೆ ಇರೋದಿಲ್ಲ” ಎಂದ ಮೇಸ್ತ್ರಿ.

ಆತನ ಮಾತಿನಲ್ಲಿ ಅರ್ಧ ಸತ್ಯವಿತ್ತು. ಉಳಿದ ಅರ್ಧದಲ್ಲಿ ಅಪಾಯವಿತ್ತು.

ಸತ್ಯದ ಅರ್ಧ ಯಾವುದೆಂದರೆ, ಅಡುಗೆಮನೆಯ ನವೀಕರಣದಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಕಾನೂನು ಯಾರ ಪರವಾನಗಿಯನ್ನೂ ಕೇಳುವುದಿಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ ಈ ವಿನಾಯಿತಿಗಳನ್ನು ಪಟ್ಟಿ ಮಾಡಿಯೇ ಹೇಳಿದೆ: ಸುಣ್ಣ ಬಣ್ಣ, ಗಾರೆಯ ತೇಪೆ, ಹೊಸ ನೆಲಹಾಸು, ಬಿಲ್ಲೆ ಬದಲಾವಣೆ, ಒಳಗಿನ ಕೋಣೆಗಳ ನಡುವೆ ಬಾಗಿಲು, ತಡಿಕೆಗೋಡೆ, ಕಿಟಕಿಯನ್ನು ತೆರೆಯುವುದು ಅಥವಾ ಮುಚ್ಚುವುದು. ಬೆಂಗಳೂರಿನ 2003ರ ಕಟ್ಟಡ ಉಪವಿಧಿಗಳೂ ಬಹುಮಟ್ಟಿಗೆ ಇದೇ ಜಾಡು ಹಿಡಿದವು. ಆದುದರಿಂದ ಕಡಪಾ ತೆಗೆದು ಗ್ರಾನೈಟ್ ಹಾಸಲು, ಗೋಡೆಗೆ ಕಪಾಟು ಜೋಡಿಸಲು, ನಲ್ಲಿಯ ತೊಟ್ಟಿಯನ್ನು ಬದಲಿಸಲು ಕಚೇರಿಯ ಮೆಟ್ಟಿಲು ಹತ್ತಬೇಕಾದ ಪ್ರಮೇಯವಿಲ್ಲ.

ಅಪಾಯದ ಅರ್ಧ ಅದೇ ಪಟ್ಟಿಯ ತಲೆಯ ಮೇಲಿರುವ ಒಂದು ವಾಕ್ಯದಲ್ಲಿದೆ. ಈ ಕೆಲಸಗಳಿಂದ ಕಟ್ಟಡದ ಭದ್ರತೆಗೆ, ಬೆಂಕಿಯಿಂದ ಇರಬೇಕಾದ ರಕ್ಷಣೆಗೆ, ಗಾಳಿ ಬೆಳಕಿನ ನಿಯಮಗಳಿಗೆ ಭಂಗ ಬರದಿದ್ದರೆ ಮಾತ್ರ ಈ ವಿನಾಯಿತಿ. ತಡಿಕೆಗೋಡೆಗೆ ಪರವಾನಗಿ ಬೇಡ ಎಂದದ್ದು ನಿಜ. ಆದರೆ ಕಣ್ಣ ಮುಂದಿರುವ ಗೋಡೆ ತಡಿಕೆಯೋ ಮನೆಯನ್ನು ಹೊತ್ತ ಗೋಡೆಯೋ ಎಂಬುದನ್ನು ತೀರ್ಮಾನಿಸುವವರು ಯಾರು? ಸುಣ್ಣ ಬಳಿದ ಮೇಲೆ ಎರಡರ ಮುಖವೂ ಒಂದೇ.

ಸುತ್ತಿಗೆ ಬೀಳುವುದಕ್ಕೆ ಮುನ್ನ ಆ ಮನೆಯ ಸೊಸೆ, “ಮಾವ, ಒಂದು ದಿನ ತಡೆಯೋಣ. ನನ್ನ ಗೆಳತಿಯೊಬ್ಬಳು ಕಟ್ಟಡದ ಇಂಜಿನಿಯರ್. ಅವಳು ಒಮ್ಮೆ ನೋಡಿಬಿಡಲಿ” ಎಂದಳು. ಗೆಳತಿ ಬಂದಳು. ಗೋಡೆಯನ್ನು ಬೆರಳಿನಿಂದ ತಟ್ಟಿದಳು, ಬಾಗಿಲ ಪಕ್ಕದಲ್ಲಿ ಅದರ ದಪ್ಪವನ್ನು ಅಳೆದಳು. ಒಂಬತ್ತು ಅಂಗುಲದ ಇಟ್ಟಿಗೆಯ ಗೋಡೆ.

“ಇದರ ನೆತ್ತಿಯ ಮೇಲೆ ಏನಿದೆ ಸರ್?”

“ತಾರಸಿ.”

“ತಾರಸಿಯ ಮೇಲೆ?”

ಯಜಮಾನರಲ್ಲಿ ಉತ್ತರವಿರಲಿಲ್ಲ. ತಮ್ಮದೇ ಮನೆಯಾದರೂ ಮೇಲಿನ ಮಹಡಿಯ ಗೋಡೆ ಎಲ್ಲಿಂದ ಎದ್ದಿದೆ ಎಂಬುದನ್ನು ಅವರು ಎಂದೂ ಯೋಚಿಸಿರಲಿಲ್ಲ. ಎಲ್ಲರೂ ಮೆಟ್ಟಿಲು ಹತ್ತಿದರು. ಬಾಡಿಗೆಗಿದ್ದ ದಂಪತಿಗಳ ಮಲಗುವ ಕೋಣೆಯ ಗೋಡೆ ಸರಿಯಾಗಿ ಕೆಳಗಿನ ಗೋಡೆಯ ಮೇಲೆಯೇ ನಿಂತಿತ್ತು; ಅದರ ಮೇಲೆ ಎರಡನೆಯ ಮಹಡಿಯದು. ಆ ಕೋಣೆಯ ಗೋಡೆಗೆ ಒರಗಿಸಿದ ಪುಟ್ಟ ಮಂಚದಲ್ಲಿ ಮಗುವೊಂದು ಮಧ್ಯಾಹ್ನದ ನಿದ್ದೆಯಲ್ಲಿತ್ತು. ಮೇಸ್ತ್ರಿ ಹೇಳಿದ ‘ಒಂದು ದಿನದ ಕೆಲಸ’ ಆ ಮಂಚದ ಕೆಳಗಿನ ಆಧಾರವನ್ನೇ ತೆಗೆಯುವ ಕೆಲಸವಾಗಿತ್ತು.

“ಈ ಗೋಡೆಯನ್ನು ತೆಗೆಯಲೇಬಾರದೆಂದಿಲ್ಲ” ಎಂದಳು ಆಕೆ. “ಮೊದಲು ಮೇಲಿನ ಭಾರಕ್ಕೆ ತಾತ್ಕಾಲಿಕ ಆಸರೆ ಕೊಡಬೇಕು. ಲೆಕ್ಕ ಹಾಕಿ ಉಕ್ಕಿನ ತೊಲೆ ಕೂರಿಸಬೇಕು. ತೊಲೆಯ ಎರಡು ತುದಿಗಳ ಭಾರ ಪಾಯದವರೆಗೆ ಇಳಿಯಲು ದಾರಿ ಮಾಡಬೇಕು. ಇದಕ್ಕೆ ನಕ್ಷೆ ಬೇಕು, ಇಂಜಿನಿಯರ ಸಹಿ ಬೇಕು, ಪಾಲಿಕೆಯ ಪರವಾನಗಿಯೂ ಬೇಕು.”

ಹಳೆಯ ಮನೆಗಳಲ್ಲಿ ಕಂಬ ತೊಲೆಗಳ ಚೌಕಟ್ಟು ಇರುವುದು ಅಪರೂಪ. ಅಲ್ಲಿ ಗೋಡೆಯೇ ಕಂಬ. ಸಾಮಾನ್ಯವಾಗಿ ಒಂಬತ್ತು ಅಂಗುಲದ್ದು ಹೊರುವ ಗೋಡೆ, ನಾಲ್ಕೂವರೆ ಅಂಗುಲದ್ದು ಮರೆಯ ಗೋಡೆ ಎಂದು ಹೇಳುವುದುಂಟು. ಆದರೆ ಮಹಡಿಯ ಮೇಲೆ ಮಹಡಿ ಏರಿದ ಮನೆಯಲ್ಲಿ ಮರೆಯ ಗೋಡೆಯೂ ಕಾಲಕ್ರಮದಲ್ಲಿ ಭಾರಕ್ಕೆ ಹೆಗಲು ಕೊಟ್ಟಿರಬಹುದು. ಅಂಗುಲಪಟ್ಟಿಯೊಂದನ್ನೇ ನಂಬುವುದು ಜಾಣತನವಲ್ಲ.

ಹಳೆಯ ಕಟ್ಟಡ ಮುನಿದರೆ ಏನಾಗುತ್ತದೆ ಎಂಬುದನ್ನು ನಮ್ಮ ನೆರೆಹೊರೆ ಕಂಡಿದೆ. 2021ರ ಸೆಪ್ಟೆಂಬರ್ 27ರಂದು ಪಕ್ಕದ ಲಕ್ಕಸಂದ್ರದಲ್ಲಿ ಮೂರು ಅಂತಸ್ತಿನ ಹಳೆಯ ಕಟ್ಟಡವೊಂದು ಹಾಡುಹಗಲಿನಲ್ಲಿ ಕುಸಿದುಬಿದ್ದಿತು. ಅದರಲ್ಲಿ ಮೆಟ್ರೋ ಕಾಮಗಾರಿಯ ಕೆಲಸಗಾರರು ವಾಸವಾಗಿದ್ದರು; ಮೊದಲೇ ಹೊರಬಂದಿದ್ದರಿಂದ ಅವರ ಪ್ರಾಣ ಉಳಿಯಿತು. ಆ ಕುಸಿತಕ್ಕೂ ಅಡುಗೆಮನೆಯ ಸುತ್ತಿಗೆಗೂ ನಂಟು ಕಲ್ಪಿಸುವುದು ಸಲ್ಲದು. ಆದರೆ ವಯಸ್ಸಾದ ಗೋಡೆಗಳು ಎಷ್ಟು ತಾಳುತ್ತವೆ ಎಂಬುದನ್ನು ಪರೀಕ್ಷಿಸಿ ನೋಡುವ ಹಕ್ಕು ಯಾರಿಗೂ ಇಲ್ಲ; ಮೇಲೆ ಬೇರೆಯವರ ಮಗು ಮಲಗಿರುವಾಗಲಂತೂ ಇಲ್ಲವೇ ಇಲ್ಲ.

ಪರವಾನಗಿ ಬೇಕಾದ ಎರಡನೆಯ ಸಂಗತಿ ಓಣಿಯದು. ಅಡುಗೆಮನೆಯನ್ನು ಒಳಗೆ ಹಿಗ್ಗಿಸಲಾಗದವರ ಕಣ್ಣು ಸಹಜವಾಗಿ ಕಾಂಪೌಂಡಿನ ಕಡೆಗೆ ಹೊರಳುತ್ತದೆ. ಮನೆಗೂ ಕಾಂಪೌಂಡಿಗೂ ನಡುವೆ ಬಿಟ್ಟ ಜಾಗಕ್ಕೆ ತಗಡು ಹೊದಿಸಿ ಪಾತ್ರೆ ತೊಳೆಯುವ ಕಟ್ಟೆ ಮಾಡುವುದು, ಆಮೇಲೆ ಅದಕ್ಕೆ ಗೋಡೆ ಏರಿಸುವುದು ಬೆಂಗಳೂರಿನ ಹಳೆಯ ಕಲೆ. ಆ ಜಾಗ ನಮ್ಮ ಕ್ರಯಪತ್ರದಲ್ಲಿದ್ದರೂ ಅಲ್ಲಿಯ ಗಾಳಿ ಬೆಳಕು ಎರಡು ಮನೆಗಳ ಕೂಡುಸ್ವತ್ತು. ಅಲ್ಲಿ ಕಟ್ಟುವುದು ನವೀಕರಣವೆನಿಸುವುದಿಲ್ಲ. ಮಂಜೂರಾದ ನಕ್ಷೆಯ ಉಲ್ಲಂಘನೆಯೆನಿಸುತ್ತದೆ. ಅದೇ ಸಂಹಿತೆಯ ಪ್ರಕಾರ ಅಡುಗೆಮನೆ 5 ಚದರ ಮೀಟರಿಗೆ, ಎಂದರೆ ಸುಮಾರು 54 ಚದರಡಿಗೆ ಕಡಿಮೆಯಿರಬಾರದು, ಅಗಲ 1.8 ಮೀಟರಿಗೆ ಇಳಿಯಬಾರದು. ಬಯಲಿಗೆ ತೆರೆಯುವ ಒಂದು ಚದರ ಮೀಟರಿನ ಕಿಟಕಿಯಾದರೂ ಇರಬೇಕು. ನಮ್ಮ ಅಡುಗೆಮನೆ ಓಣಿಯನ್ನು ನುಂಗಿದರೆ ಪಕ್ಕದ ಮನೆಯ ಈ ಒಂದು ಚದರ ಮೀಟರು ಕತ್ತಲಾಗುತ್ತದೆ. ಅರ್ಜಿಯ ಯಾವ ಕಾಲಮ್ಮಿನಲ್ಲಿಯೂ ಆ ಮನೆಯ ಗೃಹಿಣಿಯ ಕೆಮ್ಮಿಗೆ ಜಾಗವಿಲ್ಲ.

ಬಹುಮಹಡಿ ವಸತಿಗಳಲ್ಲಿರುವವರಿಗೆ ಇನ್ನೊಂದು ಮಾತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಿಕತ್ವ ಕಾಯಿದೆಯಡಿ ನೋಂದಾಯಿತವಾದ ಕಟ್ಟಡದಲ್ಲಿ ಅದರ ಭದ್ರತೆಗೆ ಕುಂದು ತರುವ ಕೆಲಸಕ್ಕೆ ಉಳಿದೆಲ್ಲ ಮಾಲಿಕರ ಒಮ್ಮತದ ಒಪ್ಪಿಗೆ ಬೇಕು. ಬಹುಮತ ಸಾಲದು.

ಇಷ್ಟು ಕೇಳಿ, ಕಚೇರಿಯ ಅಲೆದಾಟಕ್ಕೆ ಯಾರು ಸಿದ್ಧರಿದ್ದಾರೆ ಎಂದು ವಾಚಕರು ನಿಟ್ಟುಸಿರು ಬಿಟ್ಟಾರು. ಆ ನಿಟ್ಟುಸಿರು ಅಕಾರಣವಲ್ಲ. 1949ರಲ್ಲಿ ಪೇಟೆ ದಂಡುಗಳೆರಡನ್ನೂ ಕೂಡಿಸಿ ನಗರ ಕಾರ್ಪೊರೇಷನ್ ಆಯಿತು. 2007ರಲ್ಲಿ ಅದು ಹಿಗ್ಗಿ ಬೃಹತ್ ಮಹಾನಗರ ಪಾಲಿಕೆಯಾಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು, ಆ ಸೆಪ್ಟೆಂಬರಿನಲ್ಲಿ ಅದರಡಿ ಐದು ಪಾಲಿಕೆಗಳಾದವು. ನಾಮಫಲಕ ಎಷ್ಟು ಬದಲಾದರೂ ಕಡತ ಹಿಡಿದು ನಿಂತವನ ಕಾಲುನೋವು ಬದಲಾಗದು. ಆದರೆ 2024ರಲ್ಲಿ ‘ನಂಬಿಕೆ ನಕ್ಷೆ’ ಎಂಬ ಏರ್ಪಾಡು ಬಂದ ಮೇಲೆ ಸಣ್ಣ ವಸತಿ ಕಟ್ಟಡಗಳ ನಕ್ಷೆಗಳನ್ನು ಪಾಲಿಕೆಯಲ್ಲಿ ನೋಂದಾಯಿಸಿಕೊಂಡ ವಾಸ್ತುಶಿಲ್ಪಿ, ಇಂಜಿನಿಯರುಗಳೇ ಅಂತರ್ಜಾಲದಲ್ಲಿ ಸಲ್ಲಿಸಿ ತಾತ್ಕಾಲಿಕ ಮಂಜೂರಾತಿ ಪಡೆಯುವ ದಾರಿ ತೆರೆಯಿತು. ಅಂಥವರೊಬ್ಬರನ್ನು ಕಂಡರೆ, ಪರವಾನಗಿ ಬೇಕೇ ಬೇಡವೇ ಎಂಬ ಮೊದಲ ಸಂದೇಹವಾದರೂ ಅಲ್ಲಿಯೇ ಪರಿಹಾರವಾಗುತ್ತದೆ.

ಪರವಾನಗಿಯ ಪಟ್ಟಿಗೆ ಸೇರದ, ಆದರೆ ಪ್ರಾಣಕ್ಕೆ ಸೇರಿದ ಇನ್ನೊಂದು ವಿಷಯ ಅನಿಲದ್ದು. 2025ರ ಆಗಸ್ಟ್ 15ರಂದು, ಊರೆಲ್ಲ ಧ್ವಜವಂದನೆಯ ಸಂಭ್ರಮದಲ್ಲಿದ್ದಾಗ, ವಿಲ್ಸನ್ ಗಾರ್ಡನ್ನಿನ ಚಿನ್ನಯ್ಯನಪಾಳ್ಯದಲ್ಲಿ ಸ್ಫೋಟ ಸಂಭವಿಸಿ ಬಾಲಕನೊಬ್ಬ ತೀರಿಕೊಂಡ. ಒತ್ತಾಗಿದ್ದ ಹಲವು ಮನೆಗಳು ಹಾಳಾದವು. ಅಡುಗೆ ಅನಿಲದ ಸಿಲಿಂಡರೇ ಕಾರಣವಿರಬಹುದೆಂಬ ಶಂಕೆ ಅಂದೇ ಕೇಳಿಬಂದಿತು. ಕಾರಣ ಏನೇ ಇರಲಿ, ಆ ದಿನದಿಂದ ನಮ್ಮ ಕಡೆ ಸಿಲಿಂಡರಿನ ಮಾತನ್ನು ಯಾರೂ ಹಗುರವಾಗಿ ಆಡುವುದಿಲ್ಲ.

ಒಲೆಯ ಜಾಗ ಬದಲಾಯಿಸುವವರು ಇಷ್ಟನ್ನು ನೆನಪಿಡಬೇಕು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಆದುದರಿಂದ ಸಿಲಿಂಡರನ್ನು ಹೊಸ ಕಪಾಟಿನೊಳಗೆ ಅಂದವಾಗಿ ಮುಚ್ಚಿಡುವವರು ಕಪಾಟಿನ ಬುಡದಲ್ಲಿ ಗಾಳಿಯಾಡಲು ಕಿಂಡಿಗಳನ್ನು ಬಿಡಿಸಲೇಬೇಕು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ರಬ್ಬರ್ ನಳಿಕೆ ಒಂದೂವರೆ ಮೀಟರಿಗಿಂತ ಉದ್ದವಿರಬಾರದು, ಗೋಡೆಯೊಳಗೆ ಹಾಯಬಾರದು. ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು. ಕೊಳವೆಯ ಅನಿಲ ಬಂದಿರುವ ಮನೆಗಳಲ್ಲಿ ಆ ಕೊಳವೆಯನ್ನು ಸರಿಸಲು ಸರಬರಾಜು ಸಂಸ್ಥೆಯವರೇ ಬರಬೇಕು; ಅದು ಮೇಸ್ತ್ರಿಯ ಕೆಲಸವಲ್ಲ. ವಿದ್ಯುತ್ ಒಲೆ ಇಡುವವರು ಮನೆಗೆ ಮಂಜೂರಾದ ವಿದ್ಯುತ್ ಭಾರವೆಷ್ಟೆಂದು ಬಿಲ್ಲಿನಲ್ಲಿ ನೋಡಿಕೊಂಡು, ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು.

ಕೊನೆಯದಾಗಿ, ಒಡೆದ ಗಾರೆ ಇಟ್ಟಿಗೆಗಳ ಮಾತು. ಇಂಥ ಒಡಕನ್ನು ರಸ್ತೆಗೆ, ಚರಂಡಿಗೆ ಸುರಿಯಬಾರದೆಂದು 2016ರಲ್ಲಿಯೇ ಕೇಂದ್ರ ಸರ್ಕಾರ ನಿಯಮ ಮಾಡಿತು. ನಮ್ಮ ಹಳೆಯ ಅಡುಗೆಮನೆ ಚರಂಡಿ ಸೇರಿದರೆ ಮುಂದಿನ ಮಳೆಗೆ ಚರಂಡಿ ನಮ್ಮ ಹೊಸ ಅಡುಗೆಮನೆಯನ್ನು ಸೇರುತ್ತದೆ.

ಇಷ್ಟೆಲ್ಲ ಚರ್ಚೆ ನಡೆಯುವಾಗ ಆ ಮನೆಯಲ್ಲಿ ಯಾರೂ ಕೇಳದ ವ್ಯಕ್ತಿಯೊಬ್ಬರಿದ್ದರು: ಯಜಮಾನರ ವೃದ್ಧ ತಾಯಿ. ಇಂಜಿನಿಯರ್ ಹುಡುಗಿ ಅಳತೆಪಟ್ಟಿಯನ್ನು ಸುತ್ತುತ್ತ, “ಅಜ್ಜಿ, ನಿಮಗೆ ಇಲ್ಲಿ ಏನು ಬೇಕು?” ಎಂದು ಕೇಳಿದಳು. ಮುದುಕಿ ಯೋಚಿಸಲಿಲ್ಲ. “ನನಗೆ ಗೋಡೆ ಇರಲಿ ಕಣಮ್ಮ. ಒಗ್ಗರಣೆ ಹಾಕಿದರೆ ಬಂದವರು ಸೀನಬಾರದು. ಆ ಕಿಟಕಿ ಒಂದಿಷ್ಟು ದೊಡ್ಡದು ಮಾಡು. ಬೇಳೆ ಡಬ್ಬಿ ಕೈಗೆ ಎಟಕೋ ಹಾಗೆ ಇಡಿಸು. ಸ್ಟೂಲು ಹತ್ತೋದು ಇನ್ನು ನನ್ನ ಕೈಲಾಗೋದಿಲ್ಲ.”

ಈ ಮೂರು ಬೇಡಿಕೆಗಳಲ್ಲಿ ಒಂದಕ್ಕೂ ಪಾಲಿಕೆಯ ಪರವಾನಗಿ ಬೇಕಿರಲಿಲ್ಲ. ಗೋಡೆ ಉಳಿಯಿತು. ಮೇಲ್ಗಡೆ ಹೊಸ ಲಿಂಟಲ್ ಕೂರಿಸಿ, ಪಕ್ಕದ ಮನೆಯವರಿಗೆ ಮುಂಚೆಯೇ ತಿಳಿಸಿ, ಕಿಟಕಿಯನ್ನು ಅಗಲಗೊಳಿಸಿದರು. ಅಟ್ಟದಂತಿದ್ದ ಕಪಾಟುಗಳು ಸೊಂಟದ ಮಟ್ಟಕ್ಕೆ ಇಳಿದವು. ನಡುಮನೆಯಲ್ಲಿದ್ದ ಫ್ರಿಜ್ಜಿಗೂ ಒಳಗೆ ಒಂದು ಮೂಲೆ ಸಿಕ್ಕಿತು. ಮಗನ ಮುಖ ಎರಡು ದಿನ ಸಣ್ಣಗಿತ್ತು. ಮೂರನೆಯ ದಿನ ಅದೂ ಸರಿಹೋಯಿತು.

ಪರವಾನಗಿ ಎಂಬುದು ಪಾರಸಿಯಿಂದ ಬಂದ ಮಾತು, ಲೈಸೆನ್ಸ್ ಇಂಗ್ಲಿಷಿನದು. ಎರಡೂ ಆಳುವವರ ಕಚೇರಿಯಿಂದ ಬಂದವು. ಎರಡಕ್ಕೂ ಮುದ್ರೆ ಬೇಕು, ಶುಲ್ಕ ಬೇಕು. ಸಂಸ್ಕೃತದಿಂದ ಬಂದು ನಮ್ಮದೇ ಆದ ಅನುಮತಿ ಎಂಬ ಮಾತಿನಲ್ಲಿ ಇರುವುದು ‘ಮತಿ’, ಮನಸ್ಸು. ಒಬ್ಬರ ಮನಸ್ಸು ಇನ್ನೊಬ್ಬರ ಮನಸ್ಸನ್ನು ಅನುಸರಿಸಿ ಒಪ್ಪುವುದೇ ಅನುಮತಿ. ಪರವಾನಗಿ ಬೇಕಾದ ಕೆಲಸಗಳು ಕೆಲವು; ಅವುಗಳಿಗೆ ಅದನ್ನು ತಪ್ಪದೆ ಪಡೆಯೋಣ. ಅನುಮತಿ ಬೇಡವಾದ ಕೆಲಸವಾದರೋ ಒಂದು ಮನೆಯಲ್ಲಿ ಒಂದೂ ಇಲ್ಲ. ಮೇಲೆ ಮಲಗಿದವರನ್ನು, ಪಕ್ಕದಲ್ಲಿ ಉಸಿರಾಡುವವರನ್ನು, ಒಳಗೆ ಬೇಯಿಸುವವರನ್ನು ಕೇಳಿದ ಮೇಲೆ ಸುತ್ತಿಗೆಯನ್ನು ಎತ್ತಿದರೆ, ಆ ಅಡುಗೆಮನೆಯಲ್ಲಿ ಉಕ್ಕುವ ಮೊದಲ ಹಾಲು ನಿಶ್ಚಿಂತೆಯಿಂದ ಉಕ್ಕುತ್ತದೆ.