ಒಂದೇ ಚಪ್ಪರದಡಿ

ಹೊಸರಿತ್ತಿಯ ಸುತ್ತಣ ಸೀಮೆಯಲ್ಲಿ ಭಜನೆ, ಮೊಹರಮ್ಮಿನ ಪದ, ಡೊಳ್ಳು, ಲಂಬಾಣಿ ಹೆಂಗಳೆಯರ ಹಾಡು ಎಲ್ಲವೂ ಉಂಟು. ಆದರೆ ಒಂದೊಂದೂ ಬಹುಮಟ್ಟಿಗೆ ತನ್ನ ಓಣಿಯಲ್ಲೇ ಉಳಿಯುತ್ತದೆ. ವರ್ಷಕ್ಕೊಂದು ಇರುಳಾದರೂ ಇವು ಒಂದೇ ಚಪ್ಪರದಡಿ ಕೂಡಬೇಕೆಂಬುದು ನನ್ನ ಮತ. ಇದರಿಂದ ಸಂಪ್ರದಾಯ ಕೆಡುವುದೆನ್ನುವವರು ಈ ನೆಲದ ಚರಿತ್ರೆಯನ್ನು ಮರೆತಿದ್ದಾರೆ. ಇದೇ ಜಿಲ್ಲೆಯ ಶಿಶುನಾಳದ ಷರೀಫರು (1819–1889) ಗೋವಿಂದಭಟ್ಟರ ಶಿಷ್ಯರು. ಕಿರಾನಾ ಘರಾಣೆಯ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ವಿದ್ಯೆಯನ್ನು ಧಾರೆಯೆರೆದರು. ಅವರಿಂದ ಗಂಗೂಬಾಯಿ ಹಾನಗಲ್ಲರು ಕಲಿತರು. ಹಾನಗಲ್ಲ ತಾಲೂಕಿನಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳಂತೂ ಕರ್ನಾಟಕ, ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ವಶಮಾಡಿಕೊಂಡು ಅಂಧ ಬಾಲಕರಿಗೆ ಕಲಿಸಿದರು. ಇವರಿಂದ ಯಾವ ಸಂಪ್ರದಾಯ ಕೆಟ್ಟಿತು? ಎಲ್ಲವನ್ನೂ ಕಲಸಿ ಒಂದು ಮಾಡಬೇಕಾಗಿಲ್ಲ. ಒಬ್ಬರು ಹಾಡುವಾಗ ಮಿಕ್ಕವರು ಕುಳಿತು ಕೇಳಿದರೆ ಸಾಕು. ಭಾಷಣಗಳು ಮಾತ್ರ ಮೊಟಕಾಗಿರಲಿ. ಲಂಬಾಣಿ ಹಾಡನ್ನು ಸಭೆ ಕರಗಿದ ನಡುರಾತ್ರಿಗೆ ತಳ್ಳದೆ, ಎಲ್ಲರೂ ಎಚ್ಚರವಾಗಿರುವ ಮೊದಲ ಜಾವದಲ್ಲೇ ಹಾಡಿಸಬೇಕು.