ಹಾರ್ಲೆಮ್‌ನ ರಾಣಿ, ನಮ್ಮೂರಿನ ಓಸಿ ಚೀಟಿ

ಸ್ಟೆಫನಿ ಸೇಂಟ್ ಕ್ಲೇರ್ ಹೆಸರು ಬಂದರೆ ನಮ್ಮ ಗೆಳೆಯರು ‘ಎಂಥಾ ಗಟ್ಟಿಗಿತ್ತಿ’ ಅಂತ ಮೆಚ್ಚುತ್ತಾರೆ. ಗಟ್ಟಿಗಿತ್ತಿ ಹೌದು. ಕೆರಿಬಿಯನ್ ದ್ವೀಪದಿಂದ ನ್ಯೂಯಾರ್ಕ್‌ಗೆ ವಲಸೆ ಬಂದ ಕಪ್ಪು ಹೆಣ್ಣುಮಗಳು 1920ರ ದಶಕದಲ್ಲಿ ಹಾರ್ಲೆಮ್‌ನ ‘ನಂಬರ್ಸ್’ ಜೂಜಿನ ರಾಣಿಯಾದಳು. ಕಪ್ಪು ಜನರಿಗೆ ಸಾಲ ಕೊಡಲು ಬ್ಯಾಂಕುಗಳು ಹಿಂದೇಟು ಹಾಕುತ್ತಿದ್ದ ಕಾಲವದು. ಡಚ್ ಶುಲ್ಟ್ಸ್ ಎಂಬ ಬಿಳಿ ಗ್ಯಾಂಗ್‌ಸ್ಟರ್ ದಂಧೆ ಕಿತ್ತುಕೊಳ್ಳಲು ಬಂದಾಗಲೂ ಆಕೆ ಬಗ್ಗಲಿಲ್ಲ.

ಆದರೆ ಆ ಸಿಂಹಾಸನಕ್ಕೆ ಕಾಸು ಎಲ್ಲಿಂದ ಬಂತು? ಮನೆಗೆಲಸದವರು, ಹಮಾಲರು ಮೂರಂಕಿಯ ಮೇಲೆ ಕಟ್ಟಿದ ಚಿಲ್ಲರೆಯಿಂದ. ಚಳ್ಳಕೆರೆ, ಮೊಳಕಾಲ್ಮುರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಓಸಿಯೂ ಇದೇ ಜಾತಿಯ ಆಟ. ಓಸಿ ಅಂದರೆ ಓಪನ್, ಕ್ಲೋಸ್. ಮುಂಬೈಯಲ್ಲಿ ಮಟ್ಕಾ ಹುಟ್ಟಿದ್ದೇ ನ್ಯೂಯಾರ್ಕ್ ಹತ್ತಿ ಪೇಟೆಯ ಆರಂಭ ಮತ್ತು ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುವುದರಿಂದ.

ಲೆಕ್ಕ ನೋಡಿ. 00ರಿಂದ 99ರವರೆಗೆ 100 ಜೋಡಿ. ಗೆದ್ದರೆ 1 ರೂಪಾಯಿಗೆ 70 ಅನ್ನುತ್ತಾರೆ. ನೂರೂ ಜೋಡಿಗೆ ಒಂದೊಂದು ರೂಪಾಯಿ ಕಟ್ಟಿದರೂ ವಾಪಸ್ ಬರುವುದು 70 ಮಾತ್ರ. ಉಳಿದ 30 ಮೇಲಿನವರಿಗೆ. ಮೊಳಕಾಲ್ಮುರಿನಲ್ಲಿ ಕಂಡಿಕೆ ಸುತ್ತುವ, ಚಳ್ಳಕೆರೆಯಲ್ಲಿ ಶೇಂಗಾ ಬಿಡಿಸುವ ಹೆಣ್ಣುಮಕ್ಕಳ ಮನೆಯಿಂದ ಹೋಗುವ ದುಡ್ಡು ಇದು. ಅವರು ಚೀಟಿ ಬರೆಸದಿದ್ದರೂ ಗಂಡನೋ ಮಗನೋ ಬರೆಸಿದ್ದರ ಸಾಲ ತೀರಿಸುವವರು ಅವರೇ. ಇದನ್ನು ಮಹಿಳಾ ಸಬಲೀಕರಣ ಅನ್ನಬೇಡಿ. ರಾಣಿ ಒಬ್ಬಳು, ತೆತ್ತವರು ಸಾವಿರಾರು.

ಆಕೆಯಿಂದ ಕಲಿಯಬೇಕಾದ್ದು ಬೇರೆಯೇ ಇದೆ. 1929ರಲ್ಲಿ ಹಾರ್ಲೆಮ್‌ನ ಪತ್ರಿಕೆಗಳಿಗೆ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿ, ಪೊಲೀಸರ ಲಂಚಕೋರತನವನ್ನು ಬಯಲಿಗೆಳೆದಳು. ಜೈಲಿಗೆ ಹೋಗಿ ಬಂದಳು. 1930ರಲ್ಲಿ ಸೀಬರಿ ತನಿಖೆಯ ಮುಂದೆ, ತಾನೇ ಪೊಲೀಸರಿಗೆ ಲಂಚ ಕೊಟ್ಟಿದ್ದಾಗಿ ಹೇಳಿದಳು.

ಪತ್ರಿಕೋದ್ಯಮ ಓದಿದ ನಾವು ಮಾಡುವುದೇನು? ‘ಓಸಿ: ಒಬ್ಬನ ಬಂಧನ, ನಗದು ವಶ’ ಎಂಬ ಪ್ರಕಟಣೆಯನ್ನು ಹಾಗೇ ಟೈಪ್ ಮಾಡಿ ಕಳಿಸುತ್ತೇವೆ. ಸಿಕ್ಕವನು ಚಹಾ ಅಂಗಡಿ ಪಕ್ಕ ಕೂತು ಕಮಿಷನ್‌ಗೆ ಚೀಟಿ ಬರೆಯುವವನು. ಅವನ ಹೆಸರು, ವಯಸ್ಸು, ಊರು ಎಲ್ಲಾ ಹಾಕುತ್ತೇವೆ. ಅವನು ಚೀಟಿ ಯಾರಿಗೆ ಕೊಡುತ್ತಿದ್ದ ಅನ್ನುವುದನ್ನು ಮಾತ್ರ ಕೇಳುವುದಿಲ್ಲ.

ಮುಂದಿನ ಪ್ರಕಟಣೆ ಬಂದಾಗ ಮೂರು ಪ್ರಶ್ನೆ ಕೇಳೋಣ. ಪಟ್ಟಿ ಯಾರ ಕೈಗೆ ಹೋಗುತ್ತಿತ್ತು? ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3)ರಡಿ ಈ ವರ್ಷ ತಾಲ್ಲೂಕಿನಲ್ಲಿ ಎಷ್ಟು ಪ್ರಕರಣ ದಾಖಲಾಗಿವೆ, ಅದರಲ್ಲಿ ಬುಕ್ಕಿಗಳೆಷ್ಟು? ಶಿಕ್ಷೆ ಆದದ್ದು ಎಷ್ಟರಲ್ಲಿ? ಬಾಯಿಮಾತಿಗೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣ. ಶುಲ್ಕ 10 ರೂಪಾಯಿ, ಒಂದು ಓಸಿ ಚೀಟಿಯಷ್ಟೇ.