ದುಡಿಮೆಗೂ ಒಂದು ಮಿತಿ ಇರಲಿ

ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು ಕರೆಕೊಟ್ಟರು. 2025ರ ಜನವರಿಯ ಹೊತ್ತಿಗೆ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್‌ರ ಬಾಯಲ್ಲಿ ಅದು 90ಕ್ಕೇರಿತು. ಈ ನಡುವೆ 2024ರ ಜುಲೈನಲ್ಲಿ, ಐಟಿ ನೌಕರರನ್ನು ದಿನಕ್ಕೆ 12 ಗಂಟೆಗಿಂತಲೂ ಹೆಚ್ಚು ದುಡಿಸಲು ಅನುವು ಮಾಡಿಕೊಡುವ ಪ್ರಸ್ತಾಪವೊಂದು ಕರ್ನಾಟಕ ಸರಕಾರದ ಮುಂದೆ ಬಂತು. ನೌಕರರ ಸಂಘ ಅದನ್ನು ತೀವ್ರವಾಗಿ ವಿರೋಧಿಸಿತು.

ವಾರಕ್ಕೆ 90 ಗಂಟೆಯೆಂದರೆ ಆರು ದಿನಗಳ ಲೆಕ್ಕದಲ್ಲಿ ದಿನಕ್ಕೆ 15 ಗಂಟೆ. ಬೆಂಗಳೂರಿನ ವಾಹನ ದಟ್ಟಣೆಯಲ್ಲಿ ಎರಡು ಗಂಟೆ ಕಳೆದರೆ ಉಳಿಯುವುದು ಏಳು. ಊಟ, ಸ್ನಾನ, ನಿದ್ದೆ, ಪತ್ನಿ, ಮಕ್ಕಳು, ವೃದ್ಧ ತಾಯಿ-ತಂದೆ ಎಲ್ಲರೂ ಈ ಏಳರಲ್ಲೇ ಪಾಲು ಪಡೆಯಬೇಕು. ಇದು ಸಾಧ್ಯವೇ? ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲೇ ಎಚ್ಚರಿಸಿವೆ.

ಐಟಿ ಉದ್ಯೋಗದ ಇನ್ನೊಂದು ಸಂಕಟವೆಂದರೆ, ಕಚೇರಿಯ ಬಾಗಿಲು ಮುಚ್ಚಿದರೂ ಕೆಲಸ ಮುಗಿಯುವುದಿಲ್ಲ. ಅಮೆರಿಕದ ಗ್ರಾಹಕನಿಗೆ ಬೆಳಗಾಗುವಾಗ ಇಲ್ಲಿ ರಾತ್ರಿ. ಊಟಕ್ಕೆ ಕೂತವನ ಮೊಬೈಲ್ ರಿಂಗಣಿಸುತ್ತದೆ. ಕರೆ ಸ್ವೀಕರಿಸದಿದ್ದರೆ ಕೆಲಸ ಹೋದೀತೆಂಬ ಭಯ. ಕೆಲಸದ ಅವಧಿಯ ಬಳಿಕ ಸಂಪರ್ಕ ಕಡಿದುಕೊಳ್ಳುವ ಹಕ್ಕನ್ನು ಫ್ರಾನ್ಸ್ 2017ರಲ್ಲಿ ಜಾರಿಗೊಳಿಸಿತು. ನಮ್ಮಲ್ಲಿ ಯಾಕಾಗಬಾರದು?

ಹಾಗಂತ, ತಪ್ಪೆಲ್ಲವೂ ಕಂಪೆನಿಗಳದ್ದೇ ಎಂದು ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ. ಮಗನ ಸಂಬಳ ಎಷ್ಟೆಂದು ಊರಿಡೀ ಹೇಳಿಕೊಳ್ಳುವ ನಾವು, ಅವನಿಗೆ ನಿದ್ದೆ ಬರುತ್ತದೆಯೇ ಎಂದು ವಿಚಾರಿಸುತ್ತೇವೆಯೇ? ತಂಗಿಯ ಮದುವೆಯ ಸಾಲ, ಹೊಸ ಮನೆಯ ಕಂತು ಎಲ್ಲವನ್ನೂ ಒಂದೇ ಹೆಗಲಿಗೆ ಹೊರಿಸಿದ ಮೇಲೆ, 'ಕೆಲಸ ಬಿಡುತ್ತೇನೆ' ಎನ್ನುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಸೊಸೆಯ ಸ್ಥಿತಿ ಇನ್ನೂ ಕಠಿಣ. ಕಚೇರಿಯಿಂದ ಬಂದವಳಿಗೆ ಅಡುಗೆಮನೆ ಕಾದಿರುತ್ತದೆ. ಮನಸ್ಸು ಕುಸಿದಿದೆಯೆಂದರೆ ಸೋಮಾರಿತನವೆನ್ನುತ್ತೇವೆ. ವೈದ್ಯರ ಬಳಿಗೆ ಹೋದರೆ ಹುಚ್ಚೆನ್ನುತ್ತೇವೆ.

ಜ್ವರಕ್ಕೆ ಔಷಧಿ ಪಡೆಯುವುದು ಅವಮಾನವಲ್ಲವೆಂದಾದರೆ ಮನಸ್ಸಿನ ರೋಗಕ್ಕೂ ಅದೇ ನ್ಯಾಯ ಸಲ್ಲಬೇಕು. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾರೂ ಉಚಿತವಾಗಿ ಕರೆ ಮಾಡಬಹುದು. ಸರಕಾರ ದುಡಿಮೆಯ ಅವಧಿಗೆ ಗಡಿ ಹಾಕಲಿ, ಕಂಪೆನಿಗಳು ಅದನ್ನು ಪಾಲಿಸಲಿ. ರಜೆಯಲ್ಲಿ ಊರಿಗೆ ಬರುವ ಮಗನ ಸಂಬಳ ಕೇಳುವ ಮೊದಲು ಅವನ ಮುಖ ನೋಡುವ ವ್ಯವಧಾನ ನಮಗಿರಲಿ.